ಪಂಕ್ತಿಯಲ್ಲಿ ಕಲಿಯುವ ಪಾಠ

ಜಾತ್ರೆ, ಶಿವಾನುಭವ ಗೋಷ್ಠಿ, ಮದುವೆಯ ಮನೆ ಎಲ್ಲೆಡೆಯೂ ಕಾಣುವ ದೃಶ್ಯವೊಂದುಂಟು. ಮಗು ಓಡುತ್ತದೆ, ಕೂಗುತ್ತದೆ, ಎಲೆಯಲ್ಲಿ ಅನ್ನ ಬಿಡುತ್ತದೆ. ಸುತ್ತಲಿನವರು ತಿರುಗಿ ನೋಡಿದೊಡನೆ ಹೆತ್ತವರ ಕೈ ಅದರ ಬೆನ್ನ ಮೇಲೆ ಬೀಳುತ್ತದೆ. ಇಲ್ಲವೇ ಮೊಬೈಲು ಅದರ ಕೈ ಸೇರುತ್ತದೆ. ಮಗು ಸುಮ್ಮನಾಗುತ್ತದೆ. ಆದರೆ ಸುಮ್ಮನಾದುದೆಲ್ಲವೂ ಸಂಸ್ಕಾರವೆನಿಸೀತೇ?

ನಾಲ್ಕು ಜನರೆದುರು ಹೊಡೆಸಿಕೊಂಡ ಮಗು ಕಲಿಯುವುದು ಪರರ ಕಷ್ಟವನ್ನಲ್ಲ, ಪರರ ಕಣ್ಣಿಗೆ ಅಂಜುವುದನ್ನು. ಯಾರೂ ನೋಡದಿರುವಾಗ ಹೇಗೆ ನಡೆದರೂ ಸರಿ ಎಂಬ ಪಾಠವೂ ಅದರೊಳಗೇ ಅಡಗಿದೆ. ಅಂತರಂಗ ಬಹಿರಂಗಗಳೆರಡೂ ಶುದ್ಧವಾಗಿರಬೇಕೆಂಬುದು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬೋಧಿಸಿದ ತತ್ತ್ವ. ಅಂಜಿಕೆಯಿಂದ ಹೊರಗೆ ಮಾತ್ರ ಮೂಡಿದ ನಡತೆ ಅದರ ಅರ್ಧಭಾಗವೂ ಅಲ್ಲ. ಮಗುವನ್ನು ಗದರಿಸುವಾಗ ಅದರ ಹಿತಕ್ಕಿಂತ ಹಿರಿಯರ ಮಾನವೇ ಮುಂದಾಗಿರುವುದೂ ಉಂಟು.

ಹಾಗೆಂದು "ಮಕ್ಕಳಲ್ಲವೇ, ಬಿಡಿ" ಎನ್ನುವುದೂ ಸಲ್ಲದು. ದಾಸೋಹದ ಪಂಕ್ತಿಯ ನಡುವೆ ಬಿಸಿ ಸಾಂಬಾರಿನ ಬಕೆಟ್ಟು ಹಿಡಿದು ಬರುವವರಿಗೆ ಅಡ್ಡ ಓಡುವ ಮಗು ತನಗೂ ಪರರಿಗೂ ಅಪಾಯ ತಂದುಕೊಳ್ಳುತ್ತದೆ. ಅನುಭಾವದ ಮಾತು ಕೇಳಲು ದೂರದಿಂದ ಬಂದ ವೃದ್ಧರಿಗೆ ಆ ಕೂಗಾಟ ತಡೆಯಾಗುತ್ತದೆ. ಮಗುವಿನ ಮೇಲಣ ಪ್ರೀತಿ ಪರರಿಗೆ ಭಾರವಾಗಬಾರದು.

ಇವೆರಡಕ್ಕೂ ಹೊರತಾದ ದಾರಿಯನ್ನು ಶರಣರ ಕಾಯಕ ತತ್ತ್ವವೇ ತೋರುತ್ತದೆ. ಆರೇಳು ವರ್ಷದ ಮಗು ಎಲೆ ಹಾಕಬಲ್ಲದು, ಉಪ್ಪು ಬಡಿಸಬಲ್ಲದು, ಹಿರಿಯರ ಪಾದರಕ್ಷೆಗಳನ್ನು ಸಾಲಾಗಿ ಜೋಡಿಸಬಲ್ಲದು. ತಾನೇ ಬಡಿಸಿದ ಮಗುವಿಗೆ ಅನ್ನ ಚೆಲ್ಲುವುದರ ನೋವು ಹೇಳದೆಯೇ ತಿಳಿಯುತ್ತದೆ. ಎಲ್ಲಿಗೆ ಹೋಗುತ್ತಿರುವುದು, ಅಲ್ಲಿ ಎಷ್ಟು ಹೊತ್ತು ಕೂರಬೇಕು, ಬೇಸರವಾದರೆ ಏನು ಮಾಡಬೇಕು ಎಂಬುದನ್ನು ಮನೆಯಲ್ಲಿಯೇ ತಿಳಿಸಬೇಕು. ಬೇಕಾದಷ್ಟನ್ನೇ ಕೇಳಿ ಹಾಕಿಸಿಕೊಂಡು, "ಸಾಕು" ಎನ್ನುವ ಧೈರ್ಯವನ್ನೂ ಕಲಿಸಬೇಕು. ತಪ್ಪಿದರೆ ಪಕ್ಕಕ್ಕೆ ಕರೆದು, ಮೆಲುದನಿಯಲ್ಲಿ ತಿದ್ದಬೇಕು.

ತುಮಕೂರಿನ ಶ್ರೀ ಸಿದ್ಧಗಂಗಾ ಮಠದಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಒಟ್ಟಾಗಿ ಪ್ರಾರ್ಥನೆಗೆ ಕುಳಿತುಕೊಳ್ಳುತ್ತಾರೆ, ಒಟ್ಟಾಗಿ ಪ್ರಸಾದ ಸ್ವೀಕರಿಸುತ್ತಾರೆ. ದಿನದಿನದ ಅಭ್ಯಾಸವೇ ಅಲ್ಲಿ ಶಿಸ್ತಾಗಿದೆ. 2019ರ ಜನವರಿ 21ರಂದು ಪರಮಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದಾಗ, ಮಕ್ಕಳ ಪ್ರಸಾದ ಮುಗಿದ ಬಳಿಕವೇ ಸುದ್ದಿಯನ್ನು ತಿಳಿಸಬೇಕೆಂಬುದು ಪೂಜ್ಯರ ಇಚ್ಛೆಯಾಗಿತ್ತೆಂದು ವರದಿಯಾಗಿತ್ತು. ಮಕ್ಕಳ ಹಸಿವನ್ನು ಅಷ್ಟು ಗೌರವಿಸಿದ ಹಿರಿಯರ ನೆರಳಿನಲ್ಲಿ ಬೆಳೆದವರಿಗೆ ಪರರನ್ನು ಗೌರವಿಸುವುದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಸರದಿಯನ್ನು ಮುರಿದು ಮುಂದೆ ನುಗ್ಗುವ ತಂದೆ, ಆಶೀರ್ವಚನದ ನಡುವೆ ಫೋನಿನಲ್ಲಿ ಮಾತಿಗಿಳಿಯುವ ತಾಯಿ, ಬಡಿಸುವವರನ್ನು ಏಕವಚನದಲ್ಲಿ ಕರೆಯುವ ಅಜ್ಜ, ಇವರೆಲ್ಲರನ್ನೂ ಮಗು ನೋಡುತ್ತಲೇ ಇರುತ್ತದೆ. ನುಡಿದಂತೆ ನಡೆಯಬೇಕೆಂದ ಶರಣರ ಮಾತು ಮೊದಲು ಅನ್ವಯಿಸಬೇಕಾದುದು ಹೆತ್ತವರಿಗೆ. ಮುಂದಿನ ಪಂಕ್ತಿಯಲ್ಲಿ ಬಡಿಸುವವರಿಗೆ ಅಪ್ಪ ಕೈಮುಗಿದು "ಸಾಕು, ಶರಣು" ಎಂದರೆ, ಪಕ್ಕದಲ್ಲಿ ಕುಳಿತ ಪುಟ್ಟ ಕೈಗಳೂ ತಾವಾಗಿಯೇ ಜೋಡುತ್ತವೆ.