ಹಾಲು ಬಿಡಿಸಬೇಡಿ, ತಟ್ಟೆ ಬದಲಿಸಿಕೊಡಿ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಮೈಸೂರು.

ಮೂಲಕ: ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ನಂಜನಗೂಡು ತಾಲ್ಲೂಕು.

ಇಂದ: ದೇವನೂರು ಹಾಗೂ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಆಸುಪಾಸಿನ ಗ್ರಾಮಗಳ ತಾಯಂದಿರು.

ವಿಷಯ: ಆಹಾರ ಒಗ್ಗದ ಹಸುಗೂಸುಗಳಿಗೆ ಎದೆಹಾಲು ಮುಂದುವರಿಸುತ್ತಿರುವ ತಾಯಂದಿರಿಗೆ ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ ಬದಲಿ ಪದಾರ್ಥ, ಹೆಚ್ಚುವರಿ ಮನೆಭೇಟಿ ಮತ್ತು ಸರಿಯಾದ ಸಲಹೆ ಒದಗಿಸುವ ಬಗ್ಗೆ.

ಮಾನ್ಯರೇ,

ನಮ್ಮ ಕಡೆ ಬಾಣಂತಿಯ ಬಾಯಿಗೆ ಬೀಳುವ ಪ್ರತಿಯೊಂದು ತುತ್ತಿಗೂ ಒಬ್ಬರಲ್ಲ ಒಬ್ಬರು ತೀರ್ಪು ಕೊಡುತ್ತಾರೆ. ಇದು ಶೀತ, ಅದು ಉಷ್ಣ, ಇನ್ನೊಂದು ನಂಜು. ಹಾಲು, ತುಪ್ಪದ ಬಗ್ಗೆ ಮಾತ್ರ ಯಾರದೂ ತಕರಾರಿಲ್ಲ. ಹಾಲು ಕುಡಿದರೆ ಹಾಲು ಹೆಚ್ಚುತ್ತದೆ ಎಂದು ಅವ್ವಂದಿರು ಲೋಟದ ಮೇಲೆ ಲೋಟ ತುಂಬಿಸಿ ಕೊಡುತ್ತಾರೆ. ಎಲ್ಲರ ಪರವಾಗಿ ಈ ಮನವಿ ಬರೆಯುತ್ತಿರುವ ನಾನೂ ಹಾಗೆಯೇ ಕುಡಿದೆ. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ, ಮಧ್ಯಾಹ್ನ ಅಂಗನವಾಡಿಯಲ್ಲಿ ಒಂದು ಲೋಟ, ರಾತ್ರಿ ಮೊಸರನ್ನ.

ಮಗುವಿಗೆ ಐವತ್ತು ದಿನ ಆಗುವ ಹೊತ್ತಿಗೆ ಮಲದಲ್ಲಿ ಲೋಳೆ ಕಂಡಿತು. ಆಮೇಲೆ ಅದರ ಜೊತೆ ರಕ್ತದ ಎಳೆ. ಕೆನ್ನೆ ಒರಟಾಗಿ ಕೆಂಪಗಾಯಿತು, ರಾತ್ರಿಯಿಡೀ ಕಾಲು ಮಡಚಿಕೊಂಡು ಅಳು. ಅತ್ತೆಯವರು ನನ್ನ ಒಳಿತಿಗೇ ಹೇಳಿದ್ದು: "ನಿನ್ನಾಲು ನಂಜಾಗದ ಕನವ್ವ, ಬುಟ್ಬುಡು." ನೆಂಟರು ಅದನ್ನೇ ಹೇಳಿದರು. ತೋರಿಸಿದ ಒಂದು ಕ್ಲಿನಿಕ್ಕಿನಲ್ಲೂ ಅದೇ ಮಾತು, ಬೇರೆ ಪದಗಳಲ್ಲಿ: ತಾಯಿ ಹಾಲು ಮಗುವಿಗೆ ಆಗುತ್ತಿಲ್ಲ, ನಿಲ್ಲಿಸಿ, ಈ ಡಬ್ಬಿ ಕೊಡಿ. ಚೀಟಿಯಲ್ಲಿ ಡಬ್ಬಿಯ ಹೆಸರೂ ಇತ್ತು. ನಂಜನ್ನೇ ಉಂಡು ಜಗ ಕಾದ ದೇವರ ಸೀಮೆಯವರು ನಾವು. ಆದರೆ ಸ್ವಂತ ಹಾಲನ್ನು ನಂಜು ಎಂದು ಕೇಳಿಸಿಕೊಂಡ ತಾಯಿಗೆ ಆ ರಾತ್ರಿ ಯಾವ ಕಥೆಯೂ ಸಮಾಧಾನ ಕೊಡಲಿಲ್ಲ.

ಡಬ್ಬಿ ಕೊಳ್ಳಲು ದುಡ್ಡು ಸಾಲದೆ ಒಂದು ದಿನ ತಡವಾಯಿತು. ಆ ತಡವೇ ನಮ್ಮನ್ನು ಕಾಪಾಡಿತು. ಮಾರನೆಯ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕ ಮಕ್ಕಳ ವೈದ್ಯರು ಮಗುವನ್ನು ಪೂರ್ತಿ ಪರೀಕ್ಷಿಸಿ, ತೂಕ ನೋಡಿ, ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ನೀನು ಏನು ಉಣ್ತಿದ್ದೀಯಮ್ಮ?" ಅಲ್ಲಿಯವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅವರು ತಿಳಿಸಿದ್ದು ಇಷ್ಟು. ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನ್ ಅತಿ ಸಣ್ಣ ಪ್ರಮಾಣದಲ್ಲಿ ಎದೆಹಾಲಿಗೆ ಇಳಿಯುತ್ತದೆ. ಬಹುಪಾಲು ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ. ಎಲ್ಲೋ ಕೆಲವು ಕೂಸುಗಳ ಕರುಳು ಅದನ್ನು ಶತ್ರುವೆಂದು ತಿಳಿದು ಕೆರಳುತ್ತದೆ. ಕೆರಳಿಸುವುದು ಹಸುವಿನ ಹಾಲಿನ ಅಂಶವೇ ಹೊರತು ತಾಯಿಯ ಹಾಲಲ್ಲ. ಹಾಗಾಗಿ ತಾಯಿ ಹಾಲು, ಮೊಸರು, ಮಜ್ಜಿಗೆ, ತುಪ್ಪ, ಪೇಡ, ಹಾಲಿನ ಪುಡಿ ಬೆರೆತ ಬಿಸ್ಕತ್ತು ಎಲ್ಲವನ್ನೂ ಎರಡರಿಂದ ನಾಲ್ಕು ವಾರ ಬಿಟ್ಟು ನೋಡಬೇಕು. ಮಗು ಸುಧಾರಿಸಿದರೆ ಮತ್ತೆ ಒಮ್ಮೆ ತಿಂದು ನೋಡಬೇಕು. ತೊಂದರೆ ಮರುಕಳಿಸಿದರೆ ಕಾರಣ ಖಚಿತ. ಎದೆಹಾಲು ಒಂದು ಹೊತ್ತೂ ನಿಲ್ಲಿಸಬೇಕಿಲ್ಲ.

ಎರಡನೆಯ ವಾರದ ಕೊನೆಗೆ ರಕ್ತ ನಿಂತಿತು. ನಾಲ್ಕನೆಯ ವಾರ ವೈದ್ಯರು ಹೇಳಿದಂತೆ ಎರಡು ದಿನ ಮೊಸರು ಉಂಡೆ. ಮೂರನೆಯ ದಿನ ಲೋಳೆ ಮತ್ತೆ ಬಂತು. ಅಂದಿನಿಂದ ಹಾಲು ಮುಟ್ಟಲಿಲ್ಲ.

ಆ ಚೀಟಿಯಲ್ಲಿದ್ದ ಮಾಮೂಲಿ ಡಬ್ಬಿ ಹಾಲು ತಯಾರಾಗುವುದೂ ಹಸುವಿನ ಹಾಲಿನಿಂದಲೇ. ಹನಿಯಷ್ಟು ಒಗ್ಗದ ಮಗುವಿಗೆ ಅದನ್ನೇ ಬಾಟಲಿ ತುಂಬ ಕುಡಿಸಿದಂತಾಗುತ್ತಿತ್ತು. ಪಕ್ಕದ ಊರಿನ ಒಬ್ಬ ತಾಯಿಗೆ ಹಾಗೆಯೇ ಆಯಿತು. ಎರಡು ತಿಂಗಳ ಕೂಸಿಗೆ ಎದೆ ಬಿಡಿಸಿ ಡಬ್ಬಿ ಕೊಟ್ಟರು, ಭೇದಿ ಹೆಚ್ಚಿತು, ತೂಕ ಇಳಿಯಿತು. ತಪ್ಪು ಗೊತ್ತಾಗುವಷ್ಟರಲ್ಲಿ ಆಕೆಯ ಹಾಲು ಬತ್ತಿಹೋಗಿತ್ತು. ಅಲರ್ಜಿ ಮಕ್ಕಳಿಗೆಂದೇ ಪ್ರೋಟೀನನ್ನು ಒಡೆದು ಮಾಡುವ ವಿಶೇಷ ಪುಡಿ ಬೇರೆ ಇದೆ. ಅದರ ಒಂದು ಡಬ್ಬಿಗೆ ನಮ್ಮ ಹಲವು ದಿನದ ಕೂಲಿ ಬೇಕು, ಡಬ್ಬಿ ಕೆಲವೇ ದಿನಕ್ಕೆ ಮುಗಿಯುತ್ತದೆ. ಇನ್ನು ಊರಲ್ಲಿ ಸಿಗುವ ಸಲಹೆ ಎಂದರೆ ಆಡಿನ ಹಾಲು, ಎಮ್ಮೆ ಹಾಲು, ಬೀದಿಯಲ್ಲಿ ಒಳಲೆ ಲೆಕ್ಕದಲ್ಲಿ ಮಾರುವ ಕತ್ತೆ ಹಾಲು. ಆಡು, ಎಮ್ಮೆಗಳ ಹಾಲಿನ ಪ್ರೋಟೀನ್ ಹಸುವಿನದನ್ನೇ ಹೋಲುವುದರಿಂದ ಅವೂ ಸಾಮಾನ್ಯವಾಗಿ ಒಗ್ಗುವುದಿಲ್ಲ. ಕತ್ತೆಯದೂ ಸೇರಿ, ಕಾಯಿಸದ ಯಾವ ಪ್ರಾಣಿಯ ಹಾಲೂ ಹಸುಗೂಸಿಗೆ ಅಪಾಯ.

ಇನ್ನೊಂದು ಗೊಂದಲವನ್ನೂ ತಮ್ಮ ಗಮನಕ್ಕೆ ತರಬೇಕು. ಹಲವು ಚೀಟಿಗಳಲ್ಲಿ 'ಲ್ಯಾಕ್ಟೋಸ್ ಆಗುವುದಿಲ್ಲ, ಎದೆಹಾಲು ನಿಲ್ಲಿಸಿ' ಎಂದು ಬರೆದಿರುವುದನ್ನು ನಾವು ಕಂಡಿದ್ದೇವೆ. ಲ್ಯಾಕ್ಟೋಸ್ ಎಂಬುದು ಹಾಲಿನ ಸಕ್ಕರೆ. ಅದು ಎದೆಹಾಲಿನಲ್ಲಿ ಸಹಜವಾಗಿಯೇ ಇರುತ್ತದೆ, ತಾಯಿ ಏನು ತಿಂದರೂ ಬಿಟ್ಟರೂ ಬದಲಾಗುವುದಿಲ್ಲ. ಹುಟ್ಟಿನಿಂದಲೇ ಅದನ್ನು ಅರಗಿಸಲಾಗದ ಮಕ್ಕಳು ಅತಿ ವಿರಳ. ಭೇದಿಯಾದ ಮೇಲೆ ಕೆಲವು ದಿನ ಅರಗದಿರಬಹುದು, ಕರುಳು ವಾಸಿಯಾದಂತೆ ಸರಿಹೋಗುತ್ತದೆ. ಗ್ಯಾಲಕ್ಟೋಸೀಮಿಯಾದಂಥ ಹುಟ್ಟು ಕಾಯಿಲೆಯಲ್ಲಿ ಎದೆಹಾಲು ನಿಲ್ಲಿಸಲೇಬೇಕು ಎಂಬುದನ್ನು ನಾವು ಒಪ್ಪುತ್ತೇವೆ. ಅದನ್ನು ಪರೀಕ್ಷೆ ಮಾಡಿಯೇ ಹೇಳಬೇಕು, ಮಗು ಅಳುತ್ತದೆ ಎಂಬ ಕಾರಣಕ್ಕೆ ಹೇಳಬಾರದು. ಅಳುವ ಮಗುವಿಗೆಲ್ಲ ಅಲರ್ಜಿ ಎಂದೂ ನಾವು ಹೇಳುತ್ತಿಲ್ಲ. ಎದೆಹಾಲನ್ನೇ ಕುಡಿಯುವ ನೂರು ಮಕ್ಕಳಲ್ಲಿ ಒಂದಕ್ಕೂ ಈ ತೊಂದರೆ ಇರುವುದಿಲ್ಲ. ಇಂಥ ತಾಯಂದಿರ ಸಂಖ್ಯೆ ಸಣ್ಣದು. ನಾವು ಕೇಳುವುದಕ್ಕೆ ತಗಲುವ ಖರ್ಚೂ ಸಣ್ಣದು.

ಈಗ ನಮ್ಮ ಬೇಡಿಕೆಗಳು.

ಎಲ್ಲಕ್ಕಿಂತ ಮುಖ್ಯವಾದದ್ದು ಮಾತೃಪೂರ್ಣದ ತಟ್ಟೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಯರಿಗೆ, ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಉಚಿತ ಊಟದ ಹಕ್ಕು ಕೊಟ್ಟಿದೆ. ನಮ್ಮ ರಾಜ್ಯ ಅದನ್ನು 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಎಂಬ ಹೆಸರಿನಲ್ಲಿ ಎಲ್ಲ ಜಿಲ್ಲೆಗಳಲ್ಲಿ ಬಿಸಿಯೂಟವಾಗಿ ಜಾರಿಗೆ ತಂದಿತು. ಅನ್ನ, ತರಕಾರಿ ಸಾಂಬಾರು, ಬೇಯಿಸಿದ ಮೊಟ್ಟೆ, 200 ಮಿ.ಲೀ. ಹಾಲು, ಕಡಲೆಕಾಯಿ ಚಿಕ್ಕಿ. ಕೂಲಿ ಮಾಡುವ ಮನೆಗಳ ಹೆಣ್ಣುಮಕ್ಕಳಿಗೆ ಇದು ಎಂಥ ಆಸರೆ ಎಂಬುದನ್ನು ನಾವು ಉಂಡು ತಿಳಿದಿದ್ದೇವೆ, ಈ ಯೋಜನೆಗೆ ಕೃತಜ್ಞರಾಗಿದ್ದೇವೆ. ಆದರೆ ಮಗುವಿಗೆ ಒಗ್ಗದ ಹಾಲು ಈ ತಟ್ಟೆಯಲ್ಲೇ ಇದೆ. ಕೆಲವು ಮಕ್ಕಳಿಗೆ ಒಗ್ಗದ ಮೊಟ್ಟೆ, ಕಡಲೆಕಾಯಿಯೂ ಇದರಲ್ಲೇ ಇವೆ. ನಾನು ಹಾಲು ಬೇಡ ಎಂದಾಗ ಅಂಗನವಾಡಿ ಕಾರ್ಯಕರ್ತೆ ಕಷ್ಟಕ್ಕೆ ಸಿಕ್ಕಿದರು. ಅವರ ತಪ್ಪಿಲ್ಲ. ಅವರ ಪುಸ್ತಕದಲ್ಲಿ ಹಾಲು ಕುಡಿದವರ ಲೆಕ್ಕಕ್ಕೆ ಜಾಗವಿತ್ತು, ಹಾಲಿನ ಬದಲಿಗೆ ಜಾಗವಿರಲಿಲ್ಲ. ನನಗೆ ಹಾಲು ತಪ್ಪಿತು, ಅದರ ಜಾಗದಲ್ಲಿ ಏನೂ ಬರಲಿಲ್ಲ.

ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು ಕೊಡುವ ಪದ್ಧತಿ ಇದೇ ಯೋಜನೆಯಲ್ಲಿದೆ. ನಂಬಿಕೆಯ ಕಾರಣಕ್ಕೆ ಬದಲಿ ಸಾಧ್ಯವಾದರೆ ಮಗುವಿನ ಆರೋಗ್ಯದ ಕಾರಣಕ್ಕೂ ಸಾಧ್ಯವಾಗಬೇಕು. ಸರ್ಕಾರಿ ವೈದ್ಯರ ಚೀಟಿ ತಂದ ತಾಯಿಗೆ ಹಾಲಿನ ಬದಲು ಹಾಲು ಬೆರೆಸದ, ಬೆಲ್ಲ ಹಾಕಿದ ಮೊಳಕೆ ರಾಗಿ ಗಂಜಿ ಮತ್ತು ಹುರುಳಿಕಾಳಿನ ಉಸಲಿ ಕೊಡಬೇಕು. 200 ಮಿ.ಲೀ. ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗೂ ಹೆಚ್ಚು. ರಾಗಿ, ಹುರುಳಿ, ನುಗ್ಗೆ ಸೊಪ್ಪು, ಎಳ್ಳು ಯಾವುದೂ ನಮ್ಮ ಸೀಮೆಗೆ ಹೊರಗಿನದಲ್ಲ. 1950ರಿಂದ ಮೈಸೂರಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಒಂದು ಕಾಲದಲ್ಲಿ ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ತಯಾರಿಸುವ ವಿಧಾನವನ್ನೇ ದೇಶಕ್ಕೆ ಕೊಟ್ಟಿತು. ಹಾಲು ಸೇರದ, ಹಾಲಿನಷ್ಟೇ ಸತ್ವವಿರುವ ಬದಲಿ ಊಟದ ಅಳತೆಯನ್ನು ಗೊತ್ತುಮಾಡಿಕೊಡಲು ಜಿಲ್ಲಾ ಪಂಚಾಯತ್ ಆ ಸಂಸ್ಥೆಯನ್ನೇ ಕೇಳಬೇಕೆಂದು ನಮ್ಮ ಸಲಹೆ.

ಇದರ ಜೊತೆಗೇ ಕ್ಯಾಲ್ಸಿಯಂ ಮಾತ್ರೆಯ ವಿಷಯ. ಹಾಲುಣಿಸುವ ತಾಯಿಗೆ ದಿನಕ್ಕೆ 1200 ಮಿ.ಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಹೇಳಿದೆ. ಸರ್ಕಾರಿ ಮಾತ್ರೆ ಹೆರಿಗೆಯಾದ ಆರು ತಿಂಗಳಿಗೆ ನಿಲ್ಲುತ್ತದೆ. ಹಾಲು ಬಿಟ್ಟು ಎದೆಹಾಲು ಕೊಡುತ್ತಿರುವವರಿಗೆ, ಕೊಡುವಷ್ಟು ಕಾಲವೂ ಮಾತ್ರೆ ಸಿಗಬೇಕು.

ಎರಡನೆಯದು ಮನೆಭೇಟಿ. ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು 3, 7, 14, 21, 28, 42ನೇ ದಿನ ನೋಡುತ್ತಾರೆ. ಆಮೇಲೆ ನಿಗದಿಯಾದ ಭೇಟಿ ಮೂರನೆಯ ತಿಂಗಳಲ್ಲಿ. ನಡುವಿನ ಸುಮಾರು ಏಳು ವಾರ ಯಾರೂ ಬರುವುದಿಲ್ಲ. ನನ್ನ ಮಗುವಿಗೆ ರಕ್ತ ಕಂಡದ್ದೂ, ಪಕ್ಕದೂರಿನ ಕೂಸಿಗೆ ಎದೆ ಬಿಡಿಸಿದ್ದೂ ಈ ಏಳು ವಾರಗಳಲ್ಲಿಯೇ. ಎರಡು ತಿಂಗಳಿಗೆ ಒಂದು ಭೇಟಿ ಸೇರಿಸಿ, ಅದಕ್ಕೆ ಆಶಾ ಅವರಿಗೆ ಪ್ರತ್ಯೇಕ ಪ್ರೋತ್ಸಾಹಧನ ಕೊಡಬೇಕು. ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನದ ಮೇಲೆ ದುಡಿಯುವ ಅವರ ಮೇಲೆ ಪುಕ್ಕಟೆ ಹೊರೆ ಹೊರಿಸುವುದು ನಮಗೆ ಇಷ್ಟವಿಲ್ಲ. ಆ ಭೇಟಿಯಲ್ಲಿ ಮಲ, ಚರ್ಮ, ತೂಕದ ಜೊತೆ ತಾಯಿಯ ಊಟವನ್ನೂ ಕೇಳಿ ತಾಯಿ ಕಾರ್ಡಿನಲ್ಲಿ ಬರೆಯಬೇಕು. ರಕ್ತ ಕಂಡರೆ ತಡಮಾಡದೆ ಮಕ್ಕಳ ವೈದ್ಯರ ಬಳಿಗೆ ಕಳಿಸಬೇಕು.

ಮೂರನೆಯದು, ಎದೆಹಾಲು ನಿಲ್ಲಿಸಲು ಹೇಳುವ ಯಾವ ವೈದ್ಯರೂ ಅದಕ್ಕೆ ಕಾರಣವನ್ನು ತಾಯಿ ಕಾರ್ಡಿನಲ್ಲಿ ಬರೆದು ಸಹಿ ಮಾಡಬೇಕು. ಬರೆಯಬೇಕಾಗಿ ಬಂದಾಗ ಹೇಳುವ ಮುನ್ನ ಎರಡು ಸಲ ಯೋಚಿಸುತ್ತಾರೆ ಎಂಬುದು ನಮ್ಮ ನಂಬಿಕೆ. ಕೂಸಿಗೆ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ 'ಮಾ' ಕಾರ್ಯಕ್ರಮ ಹೇಳುವುದೂ ಅದನ್ನೇ. ಗೋಡೆಯ ಮೇಲೆ ಆ ಮಾತು ಬರೆದಿರುವ ಆಸ್ಪತ್ರೆಯ ಒಳಗೆ ತಾಯಿಗೆ ಬೇರೆ ಮಾತು ಕೇಳಿಸಬಾರದು.

ನಾಲ್ಕನೆಯದು ಕಾನೂನು. 1992ರ ಶಿಶು ಹಾಲು ಬದಲಿಗಳು, ಹಾಲುಣಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯ್ದೆ 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲಿನ ಜಾಹೀರಾತು, ಮಾದರಿ ಹಂಚಿಕೆ, ಆರೋಗ್ಯ ಸಿಬ್ಬಂದಿಗೆ ಉಡುಗೊರೆ ಎಲ್ಲವೂ ಅದರ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು ಶಿಕ್ಷೆಯಿದೆ. ನಂಜನಗೂಡು, ತಿ. ನರಸೀಪುರ ಪಟ್ಟಣಗಳ ಕ್ಲಿನಿಕ್ಕು, ಔಷಧಿ ಅಂಗಡಿಗಳನ್ನು ಆಹಾರ ಸುರಕ್ಷತಾ ಅಧಿಕಾರಿಗಳು ವರ್ಷಕ್ಕೆರಡು ಬಾರಿಯಾದರೂ ತಪಾಸಣೆ ಮಾಡಿ, ವರದಿಯನ್ನು ತಾಲ್ಲೂಕು ಪಂಚಾಯಿತಿಯ ಫಲಕದಲ್ಲಿ ಹಾಕಬೇಕು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಬದಲಿ ಊಟದ ಆದೇಶ ಬಂದರೆ ಅದನ್ನೇ ನೆಪ ಮಾಡಿಕೊಂಡು ಮನೆಗಳಲ್ಲಿ ಬಾಣಂತಿಯ ಊಟಕ್ಕೆ ಕತ್ತರಿ ಬೀಳಬಾರದು. ಈಗಾಗಲೇ ಎಷ್ಟೋ ಬಾಣಂತಿಯರು ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿಯ ಮೇಲೆ ತಿಂಗಳುಗಟ್ಟಲೆ ದೂಡುತ್ತಾರೆ. ಹಾಲು, ಮೊಟ್ಟೆ, ಬೇಳೆ, ಸೊಪ್ಪು ಎಲ್ಲವನ್ನೂ ಒಟ್ಟಿಗೆ ಬಿಡಿಸಿದರೆ ತಾಯಿ ಸೊರಗುತ್ತಾಳೆ, ಕಾರಣವೂ ತಿಳಿಯುವುದಿಲ್ಲ. ವೈದ್ಯರು ಹೇಳಿದ ಒಂದು ಪದಾರ್ಥ, ಅವರು ಹೇಳಿದಷ್ಟು ವಾರ. ಗುಣ ಕಾಣದಿದ್ದರೆ ಅದನ್ನು ಮತ್ತೆ ಊಟಕ್ಕೆ ಸೇರಿಸಬೇಕು. ಇದನ್ನು ಅತ್ತೆಯಂದಿರಿಗೆ, ಅವ್ವಂದಿರಿಗೆ, ಗಂಡಂದಿರಿಗೆ ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಕೂರಿಸಿ ಹೇಳಬೇಕು. ಪ್ರತಿ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ. ಆ ವಾರದ ಒಂದು ಮಧ್ಯಾಹ್ನ ಇದಕ್ಕೆ ಮೀಸಲಾದರೆ ಸಾಕು. ನನ್ನ ಅತ್ತೆಯವರು ತಾವೇ ಬಂದು ಮಾತಾಡಲು ಒಪ್ಪಿದ್ದಾರೆ. ಎದೆ ಬಿಡಿಸು ಎಂದವರೇ ಆಮೇಲೆ ತಿಂಗಳಾನುಗಟ್ಟಲೆ ನನ್ನ ಅನ್ನಕ್ಕೆ ಮೊಸರಿನ ಬದಲು ಹುರುಳಿಕಟ್ಟಿನ ಸಾರು ಬಡಿಸಿದರು.

ಮೇಲಿನವುಗಳಲ್ಲಿ ಮಾತೃಪೂರ್ಣದ ಬದಲಿ ಊಟಕ್ಕೆ ಮೂವತ್ತು ದಿನಗಳೊಳಗೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಪ್ರಾಯೋಗಿಕ ಆದೇಶ ಹೊರಡಿಸಬೇಕೆಂದು, ಉಳಿದವುಗಳ ಬಗ್ಗೆ ತೆಗೆದುಕೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಯಪೂರ್ವಕವಾಗಿ ಒತ್ತಾಯಿಸುತ್ತೇವೆ. ನನ್ನ ಮಗುವಿಗೆ ಈಗ ಒಂದು ವರ್ಷ ಎರಡು ತಿಂಗಳು. ಎದೆಹಾಲು ಕುಡಿಯುತ್ತಿದೆ, ಹೋದ ತಿಂಗಳಿನಿಂದ ವೈದ್ಯರ ಸಲಹೆಯಂತೆ ಮೊಸರನ್ನವನ್ನೂ ಉಣ್ಣುತ್ತಿದೆ.

ಇಂತಿ ತಮ್ಮ ವಿಶ್ವಾಸಿಗಳು,
ದೇವನೂರು ಮತ್ತು ಸುತ್ತಲ ಗ್ರಾಮಗಳ ತಾಯಂದಿರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳನ್ನು ಲಗತ್ತಿಸಿದೆ)

ಸ್ಥಳ: ದೇವನೂರು

ಪ್ರತಿಗಳು: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಮೈಸೂರು, ಉಪ ನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಮೈಸೂರು, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ತಿ. ನರಸೀಪುರ.