ಒಂದೇ ಕೆಲಸ, ಎರಡು ಕೂಲಿ

ಕೇಂದ್ರ ಸರಕಾರವು ತನ್ನ ನೌಕರರ ಸಂಬಳ, ಭತ್ಯೆ, ಪಿಂಚಣಿಗಳ ವಿಚಾರಕ್ಕಾಗಿ 8ನೆಯ ವೇತನ ಆಯೋಗವನ್ನು 2025ರ ನವೆಂಬರಿನಲ್ಲಿ ನೇಮಿಸಿತು. ನ್ಯಾಯಮೂರ್ತಿ ರಂಜನಾ ಪ್ರಕಾಶ ದೇಸಾಯಿಯವರು ಅದರ ಅಧ್ಯಕ್ಷರು. ವರದಿಗೆ 18 ತಿಂಗಳ ವಾಯಿದೆ. ಮುಂಬಯಿಯ ರೈಲ್ವೆ, ಅಂಚೆ, ತೆರಿಗೆ ಕಚೇರಿಗಳಲ್ಲಿ ದುಡಿಯುವ ನಮ್ಮ ಕನ್ನಡ ಬಾಂಧವರು ಇದನ್ನು ಸಂತೋಷದಿಂದ ಸ್ವಾಗತಿಸಿದ್ದಾರೆ. ನಾವೂ ಸ್ವಾಗತಿಸುತ್ತೇವೆ.

ಹೋಟೆಲಿನಲ್ಲಿ ದುಡಿಯುವವರಿಗೆ ಸರಕಾರಿ ಸಂಬಳದ ಗೊಡವೆ ಏಕೆಂದು ಕೆಲವರು ಕೇಳಬಹುದು. ಸರಕಾರವೆಂದರೆ ದೇಶದ ದೊಡ್ಡ ಧಣಿ. ದೊಡ್ಡ ಧಣಿಯೇ ಕೂಲಿಯಲ್ಲಿ ಕಡಿತ ಮಾಡಿದರೆ, ಗಲ್ಲಾದ ಮೇಲೆ ಕುಳಿತ ಸಣ್ಣ ಧಣಿಗೆ ನ್ಯಾಯ ಹೇಳುವವರು ಯಾರು?

ಇಂದಿನ ಸವಲತ್ತು ಯಾರೂ ಕರೆದು ಕೊಟ್ಟದ್ದಲ್ಲ. 1947ರಲ್ಲಿ ಮೊದಲ ಆಯೋಗ ಹೇಳಿದ ಕನಿಷ್ಠ ಸಂಬಳ ತಿಂಗಳಿಗೆ 55 ರೂಪಾಯಿ. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕೂಲಿಗೆ ಒಂದು ಅಳತೆಗೋಲು ಹಾಕಿಕೊಟ್ಟಿತು: ಗಂಡ, ಹೆಂಡತಿ, ಇಬ್ಬರು ಮಕ್ಕಳ ಹೊಟ್ಟೆ ತುಂಬಬೇಕು, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ ಸಿಗಬೇಕು, ಬಾಡಿಗೆ, ಸೌದೆ, ದೀಪಗಳ ಖರ್ಚು ಹುಟ್ಟಬೇಕು. ಆ ಅಳತೆಯ ಕೂಲಿಗಾಗಿ 1960ರ ಜುಲೈಯಲ್ಲಿ ಕೇಂದ್ರ ನೌಕರರು ಐದು ದಿನ ಮುಷ್ಕರ ಹೂಡಿದರು, ಜೈಲು ಕಂಡರು. 1966ರಲ್ಲಿ ಸರಕಾರ ಮತ್ತು ನೌಕರರು ಎದುರುಬದುರು ಕುಳಿತು ಮಾತಾಡುವ ಜಂಟಿ ಸಮಾಲೋಚನಾ ಮಂಡಳಿ ಬಂತು. 2016ರ ಜನವರಿಯಿಂದ ಜಾರಿಯಾದ 18,000 ರೂಪಾಯಿಯ ಕನಿಷ್ಠ ಸಂಬಳಕ್ಕೂ ಅದೇ 1957ರ ಅಳತೆಯೇ ಆಧಾರ.

ಆದರೆ ಈ ಅಳತೆಗೋಲು ಯಾರನ್ನು ಅಳೆಯುತ್ತದೆ? ಖಾಯಂ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರನ್ನು ಮಾತ್ರ. ಅದೇ ಕಚೇರಿಯ ಕಸ ಗುಡಿಸುವವರು, ಬಾಗಿಲು ಕಾಯುವವರು, ಕಂಪ್ಯೂಟರಿಗೆ ಲೆಕ್ಕ ತುಂಬಿಸುವವರು ಅನೇಕ ಕಡೆ ಗುತ್ತಿಗೆದಾರನ ಆಳುಗಳು. ಆಯೋಗದ ವರದಿಯಲ್ಲಿ ಅವರ ಸಂಬಳವಿಲ್ಲ, ಸಮಾಲೋಚನೆಯ ಮೇಜಿನಲ್ಲಿ ಅವರಿಗೆ ಕುರ್ಚಿಯಿಲ್ಲ. ಗುತ್ತಿಗೆ ಬದಲಾದರೆ ಹತ್ತು ವರ್ಷದ ಸೇವೆಯೂ ಸೊನ್ನೆಗೆ ಇಳಿಯುತ್ತದೆ.

ಮುಪ್ಪಿನ ಕಾಲಕ್ಕೆ ಭೇದ ಇನ್ನೂ ಕಠೋರ. 2025ರ ಏಪ್ರಿಲಿನಿಂದ ಬಂದ ಏಕೀಕೃತ ಪಿಂಚಣಿ ಯೋಜನೆಯನ್ನು ಆರಿಸಿಕೊಂಡ ಕೇಂದ್ರ ನೌಕರನಿಗೆ, ಹತ್ತು ವರ್ಷ ಸೇವೆಯಿದ್ದರೆ, ನಿವೃತ್ತಿಯ ನಂತರ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ. ಗುತ್ತಿಗೆಯವನಿಗೆ ಸಿಗುವ ಭವಿಷ್ಯ ನಿಧಿಯ ಪಿಂಚಣಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ 1,000 ರೂಪಾಯಿ. ಇಬ್ಬರಿಗೂ ಅಕ್ಕಿಯ ಅಂಗಡಿಯಲ್ಲಿ ದರ ಮಾತ್ರ ಒಂದೇ!

ಖಾಯಂ ನೌಕರರ ಕೆಲಸವನ್ನೇ ಮಾಡುವ ದಿನಗೂಲಿ, ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ಶ್ರೇಣಿಯ ಕನಿಷ್ಠ ವೇತನ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2016ರ ಅಕ್ಟೋಬರಿನಲ್ಲಿ ಪಂಜಾಬಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಇದೇ ನ್ಯಾಯ ಗುತ್ತಿಗೆದಾರನ ಕೈಕೆಳಗಿನವರಿಗೂ ಸಿಗಬೇಕು. ಭವಿಷ್ಯ ನಿಧಿಯ ಹಣ ಕಟ್ಟಿದ ರಸೀದಿ ನೋಡದೆ ಗುತ್ತಿಗೆದಾರನ ಬಿಲ್ಲನ್ನು ಇಲಾಖೆ ಪಾಸು ಮಾಡಬಾರದು. ವರ್ಷವಿಡೀ ನಡೆಯುವ ಕೆಲಸಕ್ಕೆ ಖಾಯಂ ಹುದ್ದೆಯನ್ನೇ ತುಂಬಬೇಕು; ಅಲ್ಲಿ ಸವೆದವರಿಗೆ ಅದರಲ್ಲಿ ಮೊದಲ ಅವಕಾಶವಿರಬೇಕು. ಇದು ನಮ್ಮ ಬೇಡಿಕೆ.

ಖಾಯಂ ನೌಕರ ಬಾಂಧವರಲ್ಲಿ ಒಂದು ಮಾತು. ಆಯೋಗಕ್ಕೆ ನೀವು ಬರೆಯುವ ಮನವಿಯಲ್ಲಿ ನಿಮ್ಮ ಪಕ್ಕದಲ್ಲಿ ದುಡಿಯುವ ಗುತ್ತಿಗೆಯವನ ಮಾತೂ ಇರಲಿ. ನಿಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಅವನ ಹೆಸರೂ ಸೇರಲಿ. ಇದು ಬರಿಯ ದಯೆಯ ಪ್ರಶ್ನೆಯಲ್ಲ. ಅಗ್ಗದ ಕೂಲಿಯವನು ಸಿಗುವವರೆಗೆ, ನೀವು ನಿವೃತ್ತರಾದ ಮೇಲೆ ನಿಮ್ಮ ಕುರ್ಚಿಗೆ ಇನ್ನೊಬ್ಬ ಖಾಯಂ ನೌಕರ ಬರುವ ನಂಬಿಕೆಯಿಲ್ಲ. ಆ ಕುರ್ಚಿಗಾಗಿ ಕಾದಿರುವವರು ನಮ್ಮ ನಿಮ್ಮ ಮಕ್ಕಳೇ.