ದನಿ ತಗ್ಗಿಸಿ ಹಾಡಿದ ದಂಪತಿ



ಹದಿನೆಂಟರ ಹರೆಯದಲ್ಲಿ ಓದಿದ ಒಂದು ಕಾದಂಬರಿಯನ್ನು ನಲ್ವತ್ತರಲ್ಲಿ ಮತ್ತೊಮ್ಮೆ ಕೈಗೆತ್ತಿಕೊಂಡು ನೋಡಿ. ಪುಸ್ತಕ ಅದೇ, ಅಕ್ಷರಗಳೂ ಅವೇ. ಆದರೆ ಅಂದು ಕಣ್ಣೀರು ತರಿಸಿದ್ದ ಪುಟ ಇಂದು ಸಪ್ಪೆಯೆನಿಸುತ್ತದೆ. ಅಂದು ಸರಸರನೆ ಮಗುಚಿ ಹಾಕಿದ್ದ ಪುಟದ ಮುಂದೆ ಇಂದು ಕೈ ತಡೆದು ನಿಲ್ಲುತ್ತದೆ. ನಡುವೆ ಬದಲಾದದ್ದು ಪುಸ್ತಕವಲ್ಲ, ನಾವು. ಮದುವೆ, ಹೆರಿಗೆ, ಮಕ್ಕಳ ಜ್ವರ, ಹಿರಿಯರ ಅಗಲಿಕೆ ಇವೆಲ್ಲವೂ ನಮ್ಮನ್ನು ಬೇರೆಯೇ ಓದುಗರನ್ನಾಗಿ ಮಾಡಿರುತ್ತವೆ.

ಹಾಡುಗಳ ವಿಷಯವೂ ಹಾಗೆಯೇ. ಈ ಸಲ ಅಮೆರಿಕದ ಒಂದು ಸಂಗೀತ ತಂಡದ ಕುರಿತು ಹೇಳಬೇಕೆನಿಸಿದೆ. ‘ರಾಕ್ ಸಂಗೀತವೇ? ಆ ಕಿವಿಗಡಚಿಕ್ಕುವ ಗದ್ದಲ ನಮಗೇಕೆ?’ ಎಂದು ಪುಟ ತಿರುಗಿಸಬೇಡಿ. ಇದು ಗದ್ದಲದ ನಡುವೆ ನಿಂತು ದನಿ ತಗ್ಗಿಸಿದವರ ಕತೆ. ಅದಕ್ಕಿಂತ ಹೆಚ್ಚಾಗಿ ಇದು ಒಂದು ಸಂಸಾರದ ಕತೆ.

ತಂಡದ ಹೆಸರು ‘ಲೋ’. ತಗ್ಗು, ಕೆಳದನಿ ಎಂಬ ಅರ್ಥದ ಪದ. ಅಮೆರಿಕದ ಉತ್ತರ ಭಾಗದ ಮಿನ್ನೆಸೋಟ ರಾಜ್ಯದಲ್ಲಿ ಸುಪೀರಿಯರ್ ಸರೋವರದ ದಂಡೆಯ ಮೇಲೆ ಡುಲುತ್ ಎಂಬ ಬಂದರು ನಗರವಿದೆ. ಚಳಿಗಾಲ ದೀರ್ಘ, ಹಿಮ ಧಾರಾಳ. ಅಲ್ಲಿ 1993ರಲ್ಲಿ ಅಲನ್ ಸ್ಪಾರ್‌ಹಾಕ್ ಮತ್ತು ಅವರ ಪತ್ನಿ ಮಿಮಿ ಪಾರ್ಕರ್ ಒಬ್ಬ ಗೆಳೆಯನನ್ನು ಸೇರಿಸಿಕೊಂಡು ಈ ತಂಡ ಕಟ್ಟಿದರು. ಇವರಿಬ್ಬರೂ ಒಂದೇ ಹಳ್ಳಿಗಾಡಿನವರು, ಪ್ರಾಥಮಿಕ ಶಾಲೆಯ ಕಾಲದಿಂದಲೇ ಒಬ್ಬರನ್ನೊಬ್ಬರು ಬಲ್ಲವರು. ಇಬ್ಬರೂ ಮೊರ್ಮನ್ ಎಂಬ ಕ್ರೈಸ್ತ ಪಂಥದ ಶ್ರದ್ಧಾವಂತರು. ರಾಕ್ ಸಂಗೀತಗಾರರೆಂದರೆ ಕಣ್ಣ ಮುಂದೆ ಬರುವ ಚಿತ್ರಕ್ಕೂ ಇವರ ಬದುಕಿಗೂ ಸಂಬಂಧವೇ ಇರಲಿಲ್ಲ. ಮಕ್ಕಳಾದ ಮೇಲೆ ಅವರನ್ನು ಜೊತೆಗೇ ಕರೆದುಕೊಂಡು ಊರೂರು ಸುತ್ತಿ ಹಾಡಿದರು.

ಅಲನ್ ಗಿಟಾರ್ ನುಡಿಸುತ್ತಿದ್ದರು. ಮಿಮಿ ಡ್ರಮ್ ಬಾರಿಸುತ್ತಿದ್ದರು. ಸಾಮಾನ್ಯವಾಗಿ ಡ್ರಮ್ ಬಾರಿಸುವವರು ಸುತ್ತಲೂ ವಾದ್ಯಗಳ ಕೋಟೆ ಕಟ್ಟಿಕೊಂಡು ನಡುವೆ ಕೂತಿರುತ್ತಾರೆ. ಮಿಮಿಯವರ ಮುಂದೆ ಇದ್ದುದು ಒಂದೆರಡು ಡ್ರಮ್, ಒಂದು ಕಂಚಿನ ತಾಳ, ಅಷ್ಟೇ. ನಿಂತುಕೊಂಡೇ, ಹೆಚ್ಚಾಗಿ ಕೋಲಿನ ಬದಲು ಕುಂಚದಂತಹ ಸಾಧನದಿಂದ, ಸವರಿದಂತೆ ಬಾರಿಸುತ್ತಿದ್ದರು. ಜೊತೆಗೆ ಹಾಡುತ್ತಲೂ ಇದ್ದರು.

ಗದ್ದಲಕ್ಕೆ ಮೌನದ ಉತ್ತರ

ಅದು ಅಮೆರಿಕದಲ್ಲಿ ನಿರ್ವಾಣ ಮುಂತಾದ ತಂಡಗಳ ಅಬ್ಬರದ ಸಂಗೀತ ಮೆರೆಯುತ್ತಿದ್ದ ಕಾಲ. ಅಂತಹ ಸಮಯದಲ್ಲಿ ಅತ್ಯಂತ ನಿಧಾನವಾಗಿ, ಅತ್ಯಂತ ಮೆಲ್ಲಗೆ ಹಾಡಿದರೆ ಹೇಗಿರಬಹುದು ಎಂಬ ಅರ್ಧ ತಮಾಷೆಯ ಯೋಚನೆಯಿಂದ ಇದು ಆರಂಭವಾಯಿತು. ಸಭಿಕರು ಗಮನ ಕೊಡದೆ ಹರಟೆ ಹೊಡೆಯುತ್ತಿದ್ದರೆ ಬೇರೆ ತಂಡಗಳು ಧ್ವನಿಯನ್ನು ಏರಿಸುತ್ತವೆ. ಇವರು ಇನ್ನಷ್ಟು ತಗ್ಗಿಸುತ್ತಿದ್ದರು!

ಮಕ್ಕಳ ಗಲಾಟೆ ಮಿತಿ ಮೀರಿದಾಗ ನಾವೇನು ಮಾಡುತ್ತೇವೆ? ಅವರಿಗಿಂತ ಜೋರಾಗಿ ಕೂಗುತ್ತೇವೆ. ಮೆಲ್ಲಗೆ ಮಾತಾಡಿದರೆ ಕೇಳಿಸಿಕೊಳ್ಳಲು ಅವರು ಹತ್ತಿರ ಬರಬೇಕಾಗುತ್ತದೆ ಎಂಬುದನ್ನು ಎಷ್ಟು ಮಂದಿ ಪ್ರಯೋಗಿಸಿ ನೋಡಿದ್ದೇವೆ?

ಇವರ ಮೊದಲ ಆಲ್ಬಮ್ ‘ಐ ಕುಡ್ ಲಿವ್ ಇನ್ ಹೋಪ್’ 1994ರಲ್ಲಿ ಬಂತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉದ್ದುದ್ದ ಬಿಡುವು. ಅದರಲ್ಲಿರುವ ಒಂದು ಜೋಗುಳ ಹತ್ತಿರ ಹತ್ತಿರ ಹತ್ತು ನಿಮಿಷ ಸಾಗುತ್ತದೆ. ‘ಸ್ಲೋಕೋರ್’ ಎಂಬ ಹಣೆಪಟ್ಟಿ ಇವರಿಗೆ ಅಂಟಿಕೊಂಡಿತು. ನಿಧಾನವಾದ, ವಿಷಾದದ ಸಂಗೀತ ಎಂಬುದು ಅದರ ತಾತ್ಪರ್ಯ. ಈ ಹೆಸರು ಅವರಿಗೆ ಹಿಡಿಸುತ್ತಿರಲಿಲ್ಲ. ಇಂದು ಆ ಆಲ್ಬಮನ್ನು ಕೇಳಿದರೆ ಅವರ ಅಸಮಾಧಾನ ಅರ್ಥವಾಗುತ್ತದೆ. ಅಲ್ಲಿ ಎದ್ದು ಕಾಣುವುದು ದುಃಖಕ್ಕಿಂತ ಹೆಚ್ಚಾಗಿ ಸಂಯಮ. ಹೆಸರಿನಲ್ಲೇ ಭರವಸೆ ಇದೆಯಲ್ಲವೇ?

1995ರ ‘ಲಾಂಗ್ ಡಿವಿಷನ್’ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. 1996ರ ‘ದ ಕರ್ಟನ್ ಹಿಟ್ಸ್ ದ ಕಾಸ್ಟ್’ ಚೆನ್ನಾಗಿದ್ದರೂ ಇಂದು ಎಳೆದಂತೆ ಅನಿಸುತ್ತದೆ. ಮೌನವೂ ಅಭ್ಯಾಸವಾಗಿಬಿಟ್ಟರೆ ಅದರ ಬೆಲೆ ತಗ್ಗುತ್ತದೆ. 1999ರ ‘ಸೀಕ್ರೆಟ್ ನೇಮ್’ನಲ್ಲಿ ಅವರಿಗೆ ಇದು ತಿಳಿದಂತಿದೆ. ಪಿಟೀಲಿನ ತಂತಿಗಳು ಬಂದವು, ಪಿಯಾನೋ ಬಂತು, ರಾಗ ತುಸು ಬಾಯಿಬಿಟ್ಟಿತು.

ತೊಟ್ಟಿಲಿನ ಪಕ್ಕದ ಹಾಡು

2001ರ ‘ಥಿಂಗ್ಸ್ ವಿ ಲಾಸ್ಟ್ ಇನ್ ದ ಫೈರ್’ ಆಲ್ಬಮನ್ನು ವಿಮರ್ಶಕರು ಅಂದೇ ಮೆಚ್ಚಿದ್ದರು. ಬೆಂಕಿಯಲ್ಲಿ ನಾವು ಕಳಕೊಂಡ ವಸ್ತುಗಳು ಎಂದು ಅದರ ಅರ್ಥ. ಆಗಷ್ಟೇ ಅವರಿಗೆ ಹೆಣ್ಣು ಮಗು ಹುಟ್ಟಿತ್ತು. ಆಲ್ಬಮಿನ ಕೊನೆಯ ಹಾಡು ‘ಇನ್ ಮೆಟಲ್’ ಆ ಮಗುವಿನ ಬಗ್ಗೆ. ಕೂಸಿನ ಮೊದಲ ಪಾದರಕ್ಷೆಗೆ ಕಂಚಿನ ಲೇಪ ಹಾಕಿಸಿ ನೆನಪಿಗೆ ಇಟ್ಟುಕೊಳ್ಳುವ ಪದ್ಧತಿ ಅಮೆರಿಕದಲ್ಲಿದೆ. ಮಗುವನ್ನೇ ಹಾಗೆ ಇಟ್ಟುಕೊಳ್ಳುವಂತಿದ್ದರೆ, ಅದು ದೊಡ್ಡದಾಗದೇ ಉಳಿಯುವಂತಿದ್ದರೆ ಎಂದು ತಾಯಿಯ ಮನಸ್ಸು ಹಂಬಲಿಸುತ್ತದೆ. ಹಿನ್ನೆಲೆಯಲ್ಲಿ ಮಗುವಿನ ದನಿಯೂ ಕೇಳಿಸುತ್ತದೆ.

ಮಕ್ಕಳಿಲ್ಲದ ವಯಸ್ಸಿನಲ್ಲಿ ಕೇಳಿದವರಿಗೆ ಇದು ಕೇವಲ ಒಂದು ಮುದ್ದಾದ ಹಾಡು. ಮಗಳ ಹಳೆಯ ಫ್ರಾಕನ್ನು ಕಪಾಟಿನ ಮೂಲೆಯಲ್ಲಿ ಮಡಚಿಟ್ಟು, ಯಾರಿಗೂ ಕೊಡಲಾಗದೆ ಮತ್ತೆ ಮತ್ತೆ ಮುಟ್ಟಿ ನೋಡುವ ತಾಯಿಗೆ ಇದು ಬೇರೆಯೇ ಆಗಿ ಕೇಳಿಸುತ್ತದೆ. ಅಂದು ಹಾಡಿನಲ್ಲಿ ತೊದಲಿದ ಕೂಸು ಇಂದು ಬೆಳೆದು ಹೆಣ್ಣಾಗಿದ್ದಾಳೆ. ಹಾಡಿನ ಆಸೆ ಈಡೇರಲಿಲ್ಲ, ಈಡೇರುವಂತಹದೂ ಅಲ್ಲ. ಆದರೆ ಅವಳ ಆ ದಿನದ ದನಿ ಮಾತ್ರ ಅಲ್ಲೇ ಉಳಿದುಕೊಂಡಿದೆ.

2002ರ ‘ಟ್ರಸ್ಟ್’ ಕತ್ತಲು ಹೆಚ್ಚಾದ ಆಲ್ಬಮ್. ಅದರ ನಂತರ ಬಂದದ್ದು ಅನೇಕ ಅಭಿಮಾನಿಗಳನ್ನು ಬೆಚ್ಚಿಬೀಳಿಸಿತು. 2005ರ ‘ದ ಗ್ರೇಟ್ ಡಿಸ್ಟ್ರಾಯರ್’ನಲ್ಲಿ ಗಿಟಾರ್ ಗುಡುಗತೊಡಗಿತು. ಮೆಲುದನಿಯ ತಂಡ ತನ್ನ ದಾರಿ ಬಿಟ್ಟಿತೆಂದು ಹಳಬರು ಬೇಸರಪಟ್ಟರು. ಆದರೆ ಅದೇ ವರ್ಷ ಅಲನ್ ಮಾನಸಿಕವಾಗಿ ಕುಸಿದರು. ತನ್ನ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದು ಅಭಿಮಾನಿಗಳಿಗೆ ಬಹಿರಂಗವಾಗಿ ತಿಳಿಸಿ, ಒಪ್ಪಿಕೊಂಡಿದ್ದ ಪ್ರವಾಸವನ್ನೇ ರದ್ದುಗೊಳಿಸಿದರು. ಈ ಸಂಗತಿ ತಿಳಿದ ಮೇಲೆ ಆ ಆಲ್ಬಮಿನ ಗದ್ದಲ ನಮಗೆ ಬೇರೆ ಏನನ್ನೋ ಹೇಳುತ್ತದೆ. ಮನೆಯಲ್ಲಿ ಸದಾ ಶಾಂತವಾಗಿರುವವರು ಒಮ್ಮೆಗೇ ದನಿಯೇರಿಸಿದರೆ ನಾವು ಅವರ ದನಿಯ ಬಗ್ಗೆ ದೂರುತ್ತೇವೆ. ಏಕೆ ಏರಿಸಿದರು ಎಂದು ಕೇಳುವವರು ಕಡಿಮೆ. ಅಂದಹಾಗೆ, ಅಭಿಮಾನಿಗಳು ಮೂಗು ಮುರಿದ ಅದೇ ಆಲ್ಬಮಿನ ಎರಡು ಹಾಡುಗಳನ್ನು ಖ್ಯಾತ ಗಾಯಕ ರಾಬರ್ಟ್ ಪ್ಲಾಂಟ್ 2010ರಲ್ಲಿ ತಮ್ಮ ಆಲ್ಬಮಿಗೆ ಆರಿಸಿಕೊಂಡರು.

2007ರ ‘ಡ್ರಮ್ಸ್ ಆಂಡ್ ಗನ್ಸ್’ ಇರಾಕ್ ಯುದ್ಧದ ಕಾಲದ ಕೃತಿ. ತಮ್ಮದೇ ದೇಶ ನಡೆಸುತ್ತಿದ್ದ ಯುದ್ಧದ ನಡುವೆ ಕೊಲೆ, ಹಿಂಸೆ, ದೇವರ ಹೆಸರಿನಲ್ಲಿ ನಡೆಯುವ ಕ್ರೌರ್ಯ ಇವುಗಳನ್ನು ಕುರಿತು ಈ ಶ್ರದ್ಧಾವಂತ ದಂಪತಿ ಹಾಡಿದರು. ಒರಟು ಯಂತ್ರಧ್ವನಿಗಳಿಂದ ಕೂಡಿದ ಇದು ಕಿವಿಗೆ ಹಿತವಾಗಿಲ್ಲ. ಹಿತವಾಗಿರಬೇಕಾದ ವಿಷಯವೂ ಅದಲ್ಲ.

ಹಿನ್ನೆಲೆಯಲ್ಲಿದ್ದ ದನಿ ಯಾರದು?

ಸಹೋದರಿಯರೇ, ನಾನು ವಿಶೇಷವಾಗಿ ನಿಮ್ಮ ಗಮನ ಸೆಳೆಯಬಯಸುವುದು ಇನ್ನು ಮುಂದಿನ ವಿಷಯದತ್ತ.

ಹೆಚ್ಚಿನ ಹಾಡುಗಳಲ್ಲಿ ಮುಂದೆ ಕೇಳಿಸುತ್ತಿದ್ದುದು ಅಲನ್‌ರ ದನಿ. ಮಿಮಿ ಅದಕ್ಕೆ ಜೊತೆಗೂಡುತ್ತಿದ್ದರು. ಆದ್ದರಿಂದ ತಂಡ ಎಂದರೆ ಗಂಡ, ಹೆಂಡತಿ ಅವನಿಗೆ ಸಹಾಯಕಿ ಎಂದು ಭಾವಿಸುವುದು ಸುಲಭವಾಗಿತ್ತು. ನಮ್ಮ ಮನೆಗಳ ಲೆಕ್ಕಾಚಾರವೂ ಇದೇ ಅಲ್ಲವೇ? ಮುಂಬಾಗಿಲಲ್ಲಿ ನಿಂತು ಮಾತಾಡುವವನು ಮನೆ ನಡೆಸುವವನು, ಒಳಗಿದ್ದು ಎಲ್ಲವನ್ನೂ ಹಿಡಿದಿಟ್ಟವಳು ‘ಸಹಾಯಕಿ’.

ಆಲ್ಬಮುಗಳನ್ನು ಸಾಲಾಗಿ ಕೇಳಿದರೆ ಈ ಲೆಕ್ಕ ತಪ್ಪುತ್ತದೆ. ಅಲನ್‌ರ ದನಿ ಅಲೆದಾಡುತ್ತದೆ, ನಡುಗುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಮಿಮಿಯವರ ದನಿ ಅದರ ಪಕ್ಕದಲ್ಲಿ ನೇರವಾಗಿ ನಿಂತಿರುತ್ತದೆ. ಅದನ್ನು ತೆಗೆದುಬಿಟ್ಟರೆ ಹಾಡು ಕುಸಿಯುತ್ತದೆ. 2011ರ ‘ಕಮಾನ್’ ಆಲ್ಬಮನ್ನು ಡುಲುತ್‌ನ ಹಳೆಯ ಚರ್ಚ್ ಕಟ್ಟಡವೊಂದರಲ್ಲಿ ಧ್ವನಿಮುದ್ರಿಸಲಾಯಿತು. ಆ ಎತ್ತರದ ಛಾವಣಿಯ ಕೆಳಗೆ ಮಿಮಿಯವರ ದನಿ ಹರಡಿಕೊಳ್ಳುವ ಪರಿ ಕೇಳಿಯೇ ತಿಳಿಯಬೇಕು.

2013ರ ‘ದ ಇನ್‌ವಿಸಿಬಲ್ ವೇ’ಯಲ್ಲಿ ಹನ್ನೊಂದು ಹಾಡುಗಳಿದ್ದು, ಅವುಗಳಲ್ಲಿ ಐದನ್ನು ಮಿಮಿ ಮುಂದೆ ನಿಂತು ಹಾಡಿದರು. ಅದಕ್ಕೆ ಮೊದಲು ಅವರಿಗೆ ಇಷ್ಟು ಪಾಲು ಇರಲಿಲ್ಲ. ಪಿಯಾನೋ, ಸರಳ ಗಿಟಾರ್, ಎರಡು ದನಿಗಳು, ಹೆಚ್ಚೇನೂ ಇಲ್ಲದ ಆಲ್ಬಮ್. ಹೊಸತನವಿಲ್ಲವೆಂದು ಇದನ್ನು ಬದಿಗಿಟ್ಟವರಿದ್ದಾರೆ. ನನ್ನ ಮಟ್ಟಿಗೆ, ಇಡೀ ಪಟ್ಟಿಯಲ್ಲಿ ಮರುಪರಿಶೀಲನೆಗೆ ಮೊದಲು ಅರ್ಹವಾದುದು ಇದೇ. ಇದರಲ್ಲಿ ಮಿಮಿ ಹಾಡಿದ ‘ಹೋಲಿ ಘೋಸ್ಟ್’ ಹಾಡನ್ನು ಅದೇ ವರ್ಷ ಹಿರಿಯ ಗಾಯಕಿ ಮೇವಿಸ್ ಸ್ಟೇಪಲ್ಸ್ ತಾವೂ ಹಾಡಿ ತಮ್ಮ ಆಲ್ಬಮಿನಲ್ಲಿ ಸೇರಿಸಿದರು ಎಂಬುದನ್ನೂ ನೆನಪಿಡಬೇಕು.

2015ರ ‘ವನ್ಸ್ ಆಂಡ್ ಸಿಕ್ಸಸ್’ ಮುಂದಿನ ತಿರುವಿಗೆ ಪೀಠಿಕೆ. 2018ರ ‘ಡಬಲ್ ನೆಗೆಟಿವ್’ನಲ್ಲಿ ಅವರು ತಮ್ಮ ಸಂಗೀತವನ್ನೇ ಒಡೆದು ಹಾಕಿದರು. ಕೆಟ್ಟುಹೋದ ರೇಡಿಯೋದಂತೆ ಗುರುಗುಟ್ಟುವ, ತುಂಡಾಗುವ, ಮುಳುಗುವ ಶಬ್ದಗಳು. ಮೊದಲ ಸಲ ಕೇಳಿದಾಗ ಯಂತ್ರವೇ ಕೆಟ್ಟಿರಬೇಕೆಂದು ಅನಿಸುತ್ತದೆ. ಆದರೆ ಆ ಗುರುಗುಟ್ಟುವಿಕೆಯ ನಡುವಿನಿಂದ ಆಗಾಗ ಎರಡು ದನಿಗಳು ಜೊತೆಯಾಗಿ ಮೇಲೇಳುತ್ತವೆ. ಇಪ್ಪತ್ತೈದು ವರ್ಷ ಹಾಡಿದ ಮೇಲೂ ಒಂದು ತಂಡ ಇಷ್ಟು ಧೈರ್ಯ ತೋರಿದ್ದನ್ನು ವಿಮರ್ಶಕರು ಕೊಂಡಾಡಿದರು. 2021ರ ‘ಹೇ ವಾಟ್’ ಇನ್ನೂ ಮುಂದಕ್ಕೆ ಹೋಯಿತು. ಇಲ್ಲಿ ಶಬ್ದಗಳು ಇನ್ನಷ್ಟು ಒರಟು, ಆದರೆ ಗಂಡ ಹೆಂಡಿರ ದನಿಗಳು ಮಾತ್ರ ಸ್ವಚ್ಛ, ಅತಿ ಹತ್ತಿರ. ಇದು ಅವರ ಹದಿಮೂರನೆಯ ಆಲ್ಬಮ್. ಧ್ವನಿಮುದ್ರಣದ ಗುಣಮಟ್ಟಕ್ಕಾಗಿ ಗ್ರ್ಯಾಮಿ ಪ್ರಶಸ್ತಿಗೆ ನಾಮಕರಣವನ್ನೂ ಪಡೆಯಿತು.

ಕೊನೆಯ ಪುಟದಿಂದ ಮೊದಲ ಪುಟಕ್ಕೆ

2022ರ ಜನವರಿಯಲ್ಲಿ ಮಿಮಿ ಒಂದು ಸಂದರ್ಶನದಲ್ಲಿ, ತನಗೆ ಅಂಡಾಶಯದ ಕ್ಯಾನ್ಸರ್ ಇರುವುದು 2020ರ ಡಿಸೆಂಬರಿನಲ್ಲಿ ಪತ್ತೆಯಾಗಿತ್ತು ಎಂದು ತಿಳಿಸಿದರು. ಅಂದರೆ ‘ಹೇ ವಾಟ್’ ಜನರ ಕೈಗೆ ಬರುವ ಹೊತ್ತಿಗೆ ಅವರು ಚಿಕಿತ್ಸೆಯಲ್ಲಿದ್ದರು. 2022ರ ನವೆಂಬರ್ 5ರಂದು ಅವರು ತೀರಿಕೊಂಡರು. ವಯಸ್ಸು 55. ಅವರೊಂದಿಗೆ ತಂಡವೂ ಮುಗಿಯಿತು. ಬೇರೊಬ್ಬರನ್ನು ಆ ಜಾಗದಲ್ಲಿ ನಿಲ್ಲಿಸಿ ಹಾಡುವ ಪ್ರಶ್ನೆಯೇ ಇರಲಿಲ್ಲ.

ಇಂದು ಆ ಹದಿಮೂರು ಆಲ್ಬಮುಗಳನ್ನು ಕೇಳುವವರು ಈ ಸಾವನ್ನು ತಿಳಿದೇ ಕೇಳುತ್ತಾರೆ. ‘ಹೇ ವಾಟ್’ನಲ್ಲಿ ‘ಡೋಂಟ್ ವಾಕ್ ಅವೇ’ ಎಂಬ ಹಾಡಿದೆ. ಬಿಟ್ಟು ಹೋಗಬೇಡ ಎಂದರ್ಥ. ಗಂಡ ಹೆಂಡತಿ ಇಬ್ಬರೂ ಸೇರಿ ಹಾಡಿದ್ದಾರೆ. ಬಿಡುಗಡೆಯಾದಾಗ ಅದು ದೀರ್ಘ ದಾಂಪತ್ಯದ ಒಂದು ಪ್ರೀತಿಯ ಹಾಡಾಗಿತ್ತು. ಈಗ ಅದನ್ನು ಹಾಗಷ್ಟೇ ಕೇಳಲು ಸಾಧ್ಯವೇ?

ಆದರೂ ಒಂದು ಎಚ್ಚರಿಕೆ ಅಗತ್ಯ. ಎಲ್ಲ ಹಾಡುಗಳನ್ನೂ ಸಾವಿನ ಕನ್ನಡಿಯಲ್ಲೇ ನೋಡುವುದು ನ್ಯಾಯವಲ್ಲ. ಮಿಮಿ ಆ ಹಾಡುಗಳನ್ನು ಹಾಡಿದ್ದು ತಾಯಿಯಾಗಿ, ಹೆಂಡತಿಯಾಗಿ, ಕಲಾವಿದೆಯಾಗಿ, ತುಂಬು ಬದುಕಿನ ನಡುವೆ. ‘ಪಾಪ’ ಎಂದು ಮರುಗುತ್ತಾ ಕೇಳಿದರೆ ಅವರ ಕೆಲಸವನ್ನು ನಾವು ಚಿಕ್ಕದು ಮಾಡಿದಂತೆ. ಅವರ ದನಿ ಚೆನ್ನಾಗಿದ್ದುದು ಅವರು ತೀರಿಕೊಂಡ ಕಾರಣಕ್ಕಲ್ಲ. 1994ರಲ್ಲೂ ಅದು ಹಾಗೆಯೇ ಇತ್ತು.

ಅಲನ್ ಹಾಡುವುದನ್ನು ಬಿಡಲಿಲ್ಲ. 2024ರಲ್ಲಿ ಬಂದ ‘ವೈಟ್ ರೋಸಸ್, ಮೈ ಗಾಡ್’ನಲ್ಲಿ ಅವರು ತಮ್ಮ ದನಿಯನ್ನು ಯಂತ್ರದಿಂದ ಗುರುತು ಸಿಗದಷ್ಟು ಬದಲಿಸಿಕೊಂಡಿದ್ದಾರೆ. ಪಕ್ಕದ ದನಿ ಇಲ್ಲದಾದಾಗ ತನ್ನ ದನಿಯೂ ತನಗೆ ಪರಕೀಯವಾಯಿತೇನೋ ಎಂದು ಕೇಳುವವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ 2025ರಲ್ಲಿ ಡುಲುತ್‌ನದೇ ಆದ ‘ಟ್ರ್ಯಾಂಪಲ್ಡ್ ಬೈ ಟರ್ಟಲ್ಸ್’ ತಂಡದ ಗೆಳೆಯರೊಂದಿಗೆ ಸೇರಿ ಮಾಡಿದ ಆಲ್ಬಮಿನಲ್ಲಿ ಅವರ ಸಹಜ ದನಿ ಮರಳಿದೆ. ಅದರ ಒಂದು ಹಾಡಿನಲ್ಲಿ ಮಗಳು ಅವರಿಗೆ ಜೊತೆ ನೀಡಿದ್ದಾಳೆ. ಕಂಚಿನಲ್ಲಿ ಎರಕ ಹೊಯ್ದು ಇಟ್ಟುಕೊಳ್ಳಲು ತಾಯಿ ಹಂಬಲಿಸಿದ್ದ ಅದೇ ಕೂಸು.

ಈ ಎಲ್ಲ ಆಲ್ಬಮುಗಳನ್ನು ನೀವು ಹುಡುಕಿ ಕೇಳಲೇಬೇಕೆಂದು ನಾನು ಹೇಳುತ್ತಿಲ್ಲ. ಕೇಳಬೇಕೆನಿಸಿದರೆ 2001ರ ಆಲ್ಬಮಿನಿಂದ ಆರಂಭಿಸಿ, ನಂತರ 2013ರದ್ದು, ಕೊನೆಗೆ 2021ರದ್ದು. ಇಷ್ಟು ಸಾಕು.

ಆದರೆ ಒಂದು ಕೆಲಸವನ್ನು ಎಲ್ಲರೂ ಮಾಡಬಹುದು. ನಮ್ಮ ಮನೆಗಳಲ್ಲೂ ಹಿನ್ನೆಲೆಯಲ್ಲಿ ಒಂದು ಮೆಲುದನಿ ಇರುತ್ತದೆ. ಅದು ಅಮ್ಮನದಿರಬಹುದು, ಅತ್ತೆಯದಿರಬಹುದು, ಮಾತು ಕಡಿಮೆಯಾಡುವ ಗಂಡನದಿರಬಹುದು. ಹಾಡಾದರೆ ಧ್ವನಿಮುದ್ರಣವಾಗಿ ಉಳಿಯುತ್ತದೆ, ಎಷ್ಟು ವರ್ಷಗಳ ನಂತರವೂ ಮರಳಿ ಕೇಳಿ ಅದರ ಬೆಲೆ ಕಟ್ಟಬಹುದು. ಮನೆಯ ದನಿಗೆ ಅಂತಹ ಅವಕಾಶವಿಲ್ಲ. ಅದನ್ನು ಇರುವಾಗಲೇ ಕೇಳಿಸಿಕೊಳ್ಳಬೇಕು. ಅದಕ್ಕಾಗಿ ನಾವು ಮಾಡಬೇಕಾದುದು ಇಷ್ಟೇ, ನಮ್ಮ ದನಿಯನ್ನು ತುಸು ತಗ್ಗಿಸಬೇಕು.